ಕೆಂಪು ಬಾವುಟವಿಲ್ಲದ ಹಡಗು

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವನ್ನು ದಾಟಿ ಮುಂದೆ ಹೋದರೆ ಮಾದನಾಯಕನಹಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ರಾಗಿಯ ಹೊಲಗಳೂ ಮಾವಿನ ತೋಪುಗಳೂ ಇದ್ದ ಈ ಸೀಮೆಯಲ್ಲಿ ಇಂದು ಕಾರ್ಖಾನೆಗಳೂ ಉಗ್ರಾಣಗಳೂ ಸಾಲುಸಾಲಾಗಿ ನಿಂತಿವೆ. ಇಲ್ಲಿಂದ ಹೊರಟ ಹೆದ್ದಾರಿ ಹುಬ್ಬಳ್ಳಿ, ಬೆಳಗಾವಿ, ಪುಣೆಗಳನ್ನು ಹಾದು ಮುಂಬಯಿಯನ್ನು ಸೇರುತ್ತದೆ. ಹಗಲಿರುಳೆನ್ನದೆ ಸರಕು ತುಂಬಿದ ಲಾರಿಗಳು ಅದರ ಮೇಲೆ ಓಡಾಡುತ್ತಿರುತ್ತವೆ. ಕಡಲಿಗೂ ಈ ಊರಿಗೂ ನೂರಾರು ಕಿಲೋಮೀಟರುಗಳ ಅಂತರ. ಆದರೂ ಕಡಲಿನ ಒಂದು ದುರಂತದ ನೆನಪು ವರ್ಷಕ್ಕೊಮ್ಮೆ ಇಂಥ ಊರುಗಳ ಕಾರ್ಖಾನೆಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ಏಪ್ರಿಲ್ 14ರಿಂದ ಒಂದು ವಾರ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುತ್ತಾರೆ. ಕಾರ್ಮಿಕರ ಅಂಗಿಗೆ ಚಿಕ್ಕ ಧ್ವಜ ಏರುತ್ತದೆ. ಬೆಂಕಿ ಆರಿಸುವ ಸಿಲಿಂಡರನ್ನು ಬಳಸುವ ಬಗೆಯನ್ನು ಯಾರಾದರೊಬ್ಬರು ಮಾಡಿ ತೋರಿಸುತ್ತಾರೆ. ಆದರೆ ಏಪ್ರಿಲ್ 14ರಂದೇ ಈ ಆಚರಣೆ ಏಕೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಆ ಉತ್ತರ ಒಂದು ಹಡಗಿನ ಚರಿತ್ರೆಯಲ್ಲಿದೆ.

ಎರಡನೆಯ ಮಹಾಯುದ್ಧದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರಣನೌಕೆಗಳನ್ನೂ ವಿಮಾನಗಳನ್ನೂ ಸೇನಾನಿಗಳನ್ನೂ ಕುರಿತು ಹೇಳುತ್ತಾರೆ. ಆದರೆ ಯುದ್ಧವನ್ನು ನಡೆಸುವವನಿಗೆ ಅನ್ನ ಬೇಕು, ಮದ್ದುಗುಂಡು ಬೇಕು, ಎಣ್ಣೆ ಬೇಕು, ಬಟ್ಟೆ ಬೇಕು. ಇವೆಲ್ಲವನ್ನೂ ಸಾಗರಗಳಾಚೆಗೆ ಹೊತ್ತು ತಂದುದು ಸರಕಿನ ಹಡಗುಗಳು. ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಅಂಥ ಹಡಗುಗಳನ್ನು ಒಂದರ ಮೇಲೊಂದರಂತೆ ಮುಳುಗಿಸತೊಡಗಿದಾಗ, ಮುಳುಗುವ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೊಸ ಹಡಗುಗಳನ್ನು ಕಟ್ಟುವುದೊಂದೇ ಮಿತ್ರರಾಷ್ಟ್ರಗಳಿಗೆ ಉಳಿದ ದಾರಿಯಾಯಿತು. ಅಮೆರಿಕವು ‘ಲಿಬರ್ಟಿ’ ಎಂಬ ಒಂದೇ ಮಾದರಿಯಲ್ಲಿ 2,710 ಹಡಗುಗಳನ್ನು ಕಟ್ಟಿತು. ಕೆನಡಾ ದೇಶದ ಹಡಗುಕಟ್ಟೆಗಳು ಬ್ರಿಟನ್ನಿನ ಬಳಕೆಗೆಂದು ‘ಫೋರ್ಟ್’ ಮಾದರಿಯ ಹಡಗುಗಳನ್ನು ಸಾಲಾಗಿ ನೀರಿಗಿಳಿಸಿದವು. ಫೋರ್ಟ್ ಎಂದರೆ ಕೋಟೆ. ಒಂದೊಂದು ಹಡಗಿಗೂ ಹಳೆಯ ಒಂದೊಂದು ಕೋಟೆಯ ಹೆಸರು. ಇವುಗಳಿಗೆ ರಣನೌಕೆಗಳ ವೇಗವಾಗಲಿ ಬೆಡಗಾಗಲಿ ಇರಲಿಲ್ಲ. ಗಂಟೆಗೆ ಹನ್ನೊಂದು ಸಾಗರ ಮೈಲಿಗಳಷ್ಟು ನಿಧಾನವಾಗಿ, ನೌಕಾಪಡೆಯ ಬೆಂಗಾವಲಿನಲ್ಲಿ, ಹೊಟ್ಟೆಯ ತುಂಬ ಸರಕನ್ನು ಹೊತ್ತು ಸಾಗುವುದಷ್ಟೇ ಇವುಗಳ ಕೆಲಸ. ಆದರೆ ಆ ಕೆಲಸವಿಲ್ಲದೆ ಯಾವ ವಿಜಯವೂ ಸಾಧ್ಯವಿರಲಿಲ್ಲ.

‘ಫೋರ್ಟ್ ಸ್ಟಿಕೀನ್’ ಇಂಥ ಹಡಗುಗಳಲ್ಲಿ ಒಂದು. ಕೆನಡಾದ ಪಶ್ಚಿಮ ಕರಾವಳಿಯ ಪ್ರಿನ್ಸ್ ರೂಪರ್ಟ್ ಎಂಬ ಊರಿನಲ್ಲಿ ಇದನ್ನು 1942ರಲ್ಲಿ ಕಟ್ಟಿದರು. ಇದರ ಗಾತ್ರ ಏಳು ಸಾವಿರ ಟನ್ನುಗಳಿಗೂ ಮಿಗಿಲು. ಇದರ ಸೇವೆಯ ಅವಧಿ ಎರಡು ವರ್ಷಗಳನ್ನೂ ತುಂಬಲಿಲ್ಲ. ಸಾಧಾರಣವಾದ ಈ ಹಡಗು ಸಾಧಾರಣವಾಗಿಯೇ ದುಡಿದು, ಯುದ್ಧ ಮುಗಿದ ಮೇಲೆ ಗುಜರಿಯ ಪಾಲಾಗಿದ್ದರೆ ಇದರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಇದರ ಕೊನೆಯ ಪ್ರಯಾಣ ಮಾತ್ರ ಇದನ್ನು ಚರಿತ್ರೆಯೊಳಕ್ಕೆ ಎಳೆದು ತಂದಿತು.

1944ರ ಫೆಬ್ರವರಿ 24ರಂದು ಈ ಹಡಗು ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಿಂದ ಹೊರಟಿತು. ಜಿಬ್ರಾಲ್ಟರ್, ಪೋರ್ಟ್ ಸೈಯದ್‌ಗಳ ಮಾರ್ಗವಾಗಿ ಕರಾಚಿಗೆ ಬಂದಿತು. ಅಲೆಕ್ಸಾಂಡರ್ ನೇಸ್ಮಿತ್ ಎಂಬಾತ ಅದರ ಕಪ್ತಾನ. ಹಡಗಿನ ಒಡಲಲ್ಲಿ ಸುಮಾರು 1,400 ಟನ್ನುಗಳಷ್ಟು ಸ್ಫೋಟಕ ಸಾಮಗ್ರಿಯಿತ್ತು. ಫಿರಂಗಿಯ ಗುಂಡುಗಳು, ಟಾರ್ಪೆಡೊಗಳು, ಸಮುದ್ರದಲ್ಲಿ ಹುದುಗಿಸಿಡುವ ಸಿಡಿಗುಂಡುಗಳು ಅದರಲ್ಲಿ ಸೇರಿದ್ದವು. ಯುದ್ಧವಿಮಾನಗಳ ಬಿಡಿಭಾಗಗಳಿದ್ದವು. ಇವುಗಳೊಡನೆ 31 ಪೆಟ್ಟಿಗೆಗಳಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಕರಾಚಿಯಲ್ಲಿ ಕೆಲವು ಸರಕುಗಳನ್ನು ಇಳಿಸಿ, ತೆರವಾದ ಜಾಗದಲ್ಲಿ ಸಾವಿರಾರು ಹತ್ತಿಯ ಅಂಡಿಗೆಗಳನ್ನೂ ಕೀಲೆಣ್ಣೆಯ ಪೀಪಾಯಿಗಳನ್ನೂ ಮರದ ದಿಮ್ಮಿಗಳನ್ನೂ ಮೀನಿನ ಗೊಬ್ಬರವನ್ನೂ ತುಂಬಿದರು. ಸಿಡಿಮದ್ದಿನ ಮಗ್ಗುಲಲ್ಲಿ ಹತ್ತಿ! ಹೆಣ್ಣುಮಕ್ಕಳು ಒಲೆಯ ಹತ್ತಿರ ಸೀಮೆಎಣ್ಣೆಯ ಡಬ್ಬವನ್ನು ಇಡದಿರುವಷ್ಟು ಎಚ್ಚರವನ್ನು ಬಡವರ ಮನೆಗಳಲ್ಲಿಯೂ ಕಾಣಬಹುದು. ಒಂದು ಸಾಮ್ರಾಜ್ಯದ ಆಡಳಿತಕ್ಕೆ ಆ ಎಚ್ಚರ ಇರಲಿಲ್ಲವೆ? ಇತ್ತು, ನಿಯಮಗಳೂ ಇದ್ದವು. ಕಪ್ತಾನನೂ ಸುಮ್ಮನಿರದೆ ಆಕ್ಷೇಪಿಸಿದನು. ಆದರೆ ಯುದ್ಧಕಾಲದಲ್ಲಿ ಹಡಗಿನ ಒಂದಿಷ್ಟು ಜಾಗವೂ ಬರಿದಾಗಿರಬಾರದೆಂಬ ಅವಸರದ ಮುಂದೆ ಆತನ ಆಕ್ಷೇಪಣೆ ನಿಲ್ಲಲಿಲ್ಲ.

ಏಪ್ರಿಲ್ 12ರಂದು ಹಡಗು ಮುಂಬಯಿಯ ವಿಕ್ಟೋರಿಯಾ ಡಾಕ್ ಎಂಬ ಹಡಗುಕಟ್ಟೆಯನ್ನು ಹೊಕ್ಕು ನಿಂತಿತು. ಮುಂಬಯಿ ಕನ್ನಡಿಗರಿಗೆ ಆಗಲೂ ಪರಸ್ಥಳವಾಗಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮುಂಬಯಿಯೇ ಅಲ್ಲಿಯ ಜನರ ರಾಜಧಾನಿ. ಕರಾವಳಿಯ ಊರುಗಳಿಂದ ಹೊಟ್ಟೆಪಾಡಿಗಾಗಿ ಹೋದ ಕನ್ನಡ ನಾಡಿನ ಜನರು ಅಲ್ಲಿ ಬೇರೂರಿದ್ದರು. ಶಾಂತಿಯ ಕಾಲದಲ್ಲಾಗಿದ್ದರೆ ಇಷ್ಟು ಸಿಡಿಮದ್ದನ್ನು ಹೊತ್ತ ಹಡಗು ಊರಿಗೆ ಅಂಟಿಕೊಂಡ ಕಟ್ಟೆಗೆ ಬರುವಂತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ, ಸರಕನ್ನು ದೋಣಿಗಳಿಗೆ ಇಳಿಸಬೇಕಾಗಿತ್ತು. ಯುದ್ಧದ ನಿಮಿತ್ತ ಆ ನಿಯಮ ಸಡಿಲಗೊಂಡಿತ್ತು. ಅಪಾಯಕರ ಸರಕನ್ನು ಹೊತ್ತ ಹಡಗು ತನ್ನ ಸ್ಥಿತಿಯನ್ನು ಇತರರಿಗೆ ತಿಳಿಸಲು ಕೆಂಪು ಬಾವುಟವನ್ನು ಹಾರಿಸುವುದು ಪದ್ಧತಿ. ಫೋರ್ಟ್ ಸ್ಟಿಕೀನಿನ ಮೇಲೆ ಆ ಬಾವುಟ ಹಾರಲಿಲ್ಲ. ಸಿಡಿಮದ್ದನ್ನು ಇಳಿಸಿಕೊಳ್ಳಬೇಕಾದ ದೋಣಿಗಳೂ ಬೇಗನೆ ಬರಲಿಲ್ಲ. ಹೀಗೆ ಆ ಹಡಗು ಎರಡು ದಿನ, ಇತರ ಹಡಗುಗಳ ನಡುವೆ, ಸಾವಿರಾರು ಜನ ದುಡಿಯುವ ತಾಣದಲ್ಲಿ, ಎಲ್ಲ ಹಡಗುಗಳಂತೆಯೇ ಒಂದು ಹಡಗಾಗಿ ನಿಂತಿತ್ತು.

ಏಪ್ರಿಲ್ 14, ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಹಡಗಿನಿಂದ ಹೊಗೆ ಏಳುತ್ತಿರುವುದು ಸುತ್ತಮುತ್ತಲಿನ ಕೆಲವರ ಕಣ್ಣಿಗೆ ಬಿದ್ದಿತ್ತು. ಆದರೆ ಹಡಗಿನಲ್ಲಿ ಕೂಗೆದ್ದುದು ಎರಡು ಗಂಟೆಯ ಸುಮಾರಿಗೆ. ಎರಡನೆಯ ಸರಕುಕೋಣೆಯ ತಳದಲ್ಲಿದ್ದ ಹತ್ತಿಗೆ ಬೆಂಕಿ ತಗುಲಿತ್ತು. ಹತ್ತಿಯ ಬೆಂಕಿ ವಂಚಕ ಸ್ವಭಾವದ್ದು. ಒತ್ತಿ ಬಿಗಿದ ಅಂಡಿಗೆಯೊಳಗೆ ಅದು ಉರಿಯಿಲ್ಲದೆ ಒಳಗೊಳಗೇ ಬೇಯುತ್ತ ಹೋಗುತ್ತದೆ. ಮೇಲೆ ಸುರಿದ ನೀರು ಅದರ ಒಡಲನ್ನು ಮುಟ್ಟುವುದಿಲ್ಲ. ಅಗ್ನಿಶಾಮಕ ದಳದವರು ಬಂದರು. ಕೊಳವೆಗಳ ಮೂಲಕ ಒಂಬೈನೂರು ಟನ್ನುಗಳಿಗೂ ಹೆಚ್ಚು ನೀರನ್ನು ಹಡಗಿನೊಳಕ್ಕೆ ಸುರಿದರು. ವಿಧಿಯ ವಿಪರ್ಯಾಸವನ್ನು ನೋಡಬೇಕು: ಆ ನೀರಿನ ಮೇಲೆ ತೇಲಿದ ಹತ್ತಿ, ಉರಿಯುತ್ತಲೇ ಮೇಲಕ್ಕೆ ಏರಿ, ಮೇಲಂತಸ್ತಿನಲ್ಲಿದ್ದ ಸಿಡಿಮದ್ದನ್ನು ಸಮೀಪಿಸಿತು. ಬೆಂಕಿಯನ್ನು ಆರಿಸಬೇಕಾದ ನೀರೇ ಬೆಂಕಿಯನ್ನು ಎತ್ತಿ ಕೊಂಡೊಯ್ದಿತು. ನೀರು ಕುದಿಯತೊಡಗಿತು. ಹಡಗಿನ ಪಕ್ಕದ ಉಕ್ಕಿನ ಹಲಗೆಯ ಮೇಲೆ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು.

ಇನ್ನೂ ಕಾಲವಿತ್ತು. ಹೊಗೆ ಕಂಡ ಮೇಲೆ ಎರಡು ಗಂಟೆಗಳಷ್ಟು ಕಾಲವಿತ್ತು. ಹಡಗನ್ನು ಅಲ್ಲಿಯೇ ಮುಳುಗಿಸಿಬಿಡಬೇಕೆಂದು ಸಿಡಿಮದ್ದಿನ ವಿಷಯವನ್ನು ಬಲ್ಲ ಅಧಿಕಾರಿ ಹೇಳಿದನು. ಕಟ್ಟೆಯಲ್ಲಿ ನೀರಿನ ಆಳ ಅದಕ್ಕೆ ಸಾಲದಾಗಿತ್ತು. ಎಳೆದು ಸಮುದ್ರಕ್ಕೆ ಒಯ್ಯಬೇಕೆಂಬ ಮಾತೂ ಬಂದಿತು. ಹಡಗಿನ ಎಂಜಿನನ್ನು ದುರಸ್ತಿಗಾಗಿ ಬಿಚ್ಚಿದ್ದರಿಂದ ಅದು ತಾನಾಗಿ ಚಲಿಸುವಂತಿರಲಿಲ್ಲ. ನೀರು ಸುರಿಯುತ್ತಲೇ ಇರೋಣವೆಂಬುದು ಮತ್ತೊಂದು ಅಭಿಪ್ರಾಯ. ಕಪ್ತಾನನಿದ್ದನು, ಬಂದರಿನ ಅಧಿಕಾರಿಗಳಿದ್ದರು, ಸೇನೆಯ ಅಧಿಕಾರಿಗಳಿದ್ದರು, ಅಗ್ನಿಶಾಮಕ ದಳದ ಮುಖ್ಯಸ್ಥರಿದ್ದರು. ಎಲ್ಲರಿಗೂ ಅಧಿಕಾರವಿತ್ತು, ಆದ್ದರಿಂದಲೇ ಯಾರಿಗೂ ಪೂರ್ಣವಾದ ಅಧಿಕಾರವಿರಲಿಲ್ಲ. ಹತ್ತು ಜನ ಹೊತ್ತ ಪಲ್ಲಕ್ಕಿಯಲ್ಲಿ ಭಾರ ಯಾರ ಹೆಗಲ ಮೇಲೂ ಇರುವುದಿಲ್ಲ. ಈ ಮಾತುಕತೆಯ ನಡುವೆ, ಇಡೀ ಬಂದರನ್ನು ಬರಿದುಮಾಡಿ ಜನರನ್ನು ದೂರ ಕಳುಹಿಸಬೇಕೆಂಬ ಅತಿ ಸುಲಭವಾದ ಕೆಲಸ ನಡೆಯಲಿಲ್ಲ. ಜನರು ಹೊಗೆಯನ್ನು ನೋಡುತ್ತ ಕಟ್ಟೆಯ ಮೇಲೆಯೇ ನಿಂತಿದ್ದರು. ಅಕ್ಕಪಕ್ಕದ ಹಡಗುಗಳಲ್ಲಿಯೂ ಕೆಲಸ ಸಾಗಿತ್ತು.

ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿದು ಎರಡಾಯಿತು. ನಾಲ್ಕು ಗಂಟೆ ಮೂವತ್ತನಾಲ್ಕು ನಿಮಿಷಕ್ಕೆ ಎರಡನೆಯ ಸ್ಫೋಟ. ಸಾವಿರದ ಏಳುನೂರು ಕಿಲೋಮೀಟರು ದೂರದ ಶಿಮ್ಲಾದಲ್ಲಿ ಭೂಕಂಪಮಾಪಕ ಯಂತ್ರ ಅದುರಿದ ಗುರುತನ್ನು ಬರೆದುಕೊಂಡಿತು. ಹತ್ತಿರದಲ್ಲಿಯೇ ನಿಂತಿದ್ದ ‘ಜಲಪದ್ಮ’ ಎಂಬ ಹಡಗನ್ನು ನೀರಿನ ಅಲೆಯೂ ಸ್ಫೋಟದ ರಭಸವೂ ಎತ್ತಿ ಕಟ್ಟೆಯ ಮೇಲಕ್ಕೆ ಎಸೆದವು. ಹತ್ತಕ್ಕೂ ಹೆಚ್ಚು ಹಡಗುಗಳು ನಾಶವಾದವು. ಉರಿಯುವ ಹತ್ತಿಯ ಮುದ್ದೆಗಳು ಆಕಾಶಕ್ಕೆ ಚಿಮ್ಮಿ ಊರಿನ ಮೇಲೆ ಮಳೆಯಂತೆ ಸುರಿದವು. ಎಲ್ಲಿ ಬಿದ್ದವೋ ಅಲ್ಲೆಲ್ಲ ಹೊಸ ಬೆಂಕಿ. ಕೆಲಸಗಾರರ ಇಕ್ಕಟ್ಟಾದ ವಸತಿಗಳು ಸುಟ್ಟುಹೋದವು. ಆ ಬೆಂಕಿಯನ್ನು ಹತೋಟಿಗೆ ತರಲು ಮೂರು ದಿನಗಳು ಹಿಡಿದವು; ಬಂದರನ್ನು ತೆರವುಗೊಳಿಸಿ ಮತ್ತೆ ಕೆಲಸಕ್ಕೆ ಅಣಿಮಾಡಲು ಏಳು ತಿಂಗಳು ಬೇಕಾದವು. ಸತ್ತವರು ಎಂಟುನೂರರಿಂದ ಸಾವಿರದ ಮುನ್ನೂರರವರೆಗೆ ಎಂದು ಬೇರೆ ಬೇರೆ ಅಂದಾಜುಗಳು ಹೇಳುತ್ತವೆ. ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದವು. ಕಪ್ತಾನ ನೇಸ್ಮಿತ್ ತನ್ನ ಹಡಗಿನೊಡನೆಯೇ ಹೋದನು. ಬೆಂಕಿಯೊಡನೆ ಕೊನೆಯವರೆಗೂ ಹೋರಾಡಿದ ಅಗ್ನಿಶಾಮಕ ದಳದ 66 ಮಂದಿ ಪ್ರಾಣವನ್ನು ನೀಗಿದರು.

ಆ ಸ್ಫೋಟದಲ್ಲಿ ಚಿನ್ನದ ಗಟ್ಟಿಗಳೂ ಹಾರಿಹೋದವು. ಒಂದು ಗಟ್ಟಿ ದೂರದ ಮನೆಯೊಂದರ ಸೂರನ್ನು ಸೀಳಿ ಒಳಗೆ ಬಿದ್ದಿತು. ಆ ಮನೆಯ ಯಜಮಾನರು ಅದನ್ನು ಪ್ರಾಮಾಣಿಕವಾಗಿ ಅಧಿಕಾರಿಗಳಿಗೆ ಒಪ್ಪಿಸಿದರು. ಹಡಗುಕಟ್ಟೆಯ ಹೂಳೆತ್ತುವಾಗ ದಶಕಗಳ ಅನಂತರವೂ ಕೆಲವು ಗಟ್ಟಿಗಳು ದೊರೆತವು. ಈ ಹಡಗಿನ ವಿಷಯವನ್ನು ಹೇಳುವಾಗ ಅನೇಕರು ಈ ಚಿನ್ನದ ಕಥೆಯನ್ನೇ ಬಣ್ಣಿಸಿ ಹೇಳುವುದುಂಟು. ಆದರೆ ಆ ದಿನ ಚಿನ್ನಕ್ಕಿಂತ ಬೆಲೆಯುಳ್ಳ ಇನ್ನೊಂದು ವಸ್ತು ನಾಶವಾಯಿತು. ಬಂದರಿನ ಉಗ್ರಾಣಗಳಲ್ಲಿದ್ದ ಸಾವಿರಾರು ಟನ್ ಧಾನ್ಯ ಬೂದಿಯಾಯಿತು. ಅದರ ಹಿಂದಿನ ವರ್ಷ, 1943ರಲ್ಲಿ, ಬಂಗಾಳದಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತಿದ್ದರು. ಕಳೆದುಹೋದ ಚಿನ್ನದ ಲೆಕ್ಕ ಕೊನೆಯ ಗಟ್ಟಿಯವರೆಗೂ ಇದೆ. ಸತ್ತ ಹಮಾಲರ ಲೆಕ್ಕ ಮಾತ್ರ ಇಂದಿಗೂ ಅಂದಾಜಿನಲ್ಲಿಯೇ ನಿಂತಿದೆ. ದಿನಗೂಲಿಗೆ ಬಂದವನ ಹೆಸರನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕು?

ಇಷ್ಟು ದೊಡ್ಡ ಅನಾಹುತವನ್ನು ಸರ್ಕಾರ ಕೂಡಲೇ ಜನರಿಗೆ ತಿಳಿಸಲಿಲ್ಲ. ಪತ್ರಿಕೆಗಳ ಮೇಲೆ ನಿರ್ಬಂಧವಿತ್ತು. ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮರುದಿನವೇ ಸುದ್ದಿಯನ್ನು ಬಿತ್ತರಿಸಿತು. ಆದರೆ ವಿವರಗಳನ್ನು ಹೊರಜಗತ್ತಿಗೆ ಕಳುಹಿಸಲು ಬ್ರಿಟಿಷ್ ಸರ್ಕಾರ ಸುದ್ದಿಗಾರರಿಗೆ ಅನುಮತಿಯಿತ್ತದ್ದು ಮೇ ತಿಂಗಳಲ್ಲಿ. ಶತ್ರುವಿಗೆ ತಿಳಿಯಬಾರದೆಂದು ಮುಚ್ಚಿಟ್ಟ ಸುದ್ದಿ ಶತ್ರುವಿನ ಬಾಯಿಂದಲೇ ಮೊದಲು ಹೊರಬಿದ್ದಿತು. ಮುಚ್ಚಿಡುವುದರ ಫಲ ಅನೇಕ ವೇಳೆ ಇಷ್ಟೇ. ಅದು ಹಗೆಯವನಿಂದ ಏನನ್ನೂ ಮರೆಮಾಡುವುದಿಲ್ಲ. ತನ್ನವರನ್ನು ಮಾತ್ರ ಕತ್ತಲೆಯಲ್ಲಿ ಇರಿಸುತ್ತದೆ.

ಬೆಂಕಿ ಹೇಗೆ ಹತ್ತಿತೆಂಬ ಪ್ರಶ್ನೆ ಬಂದಾಗ ಮೊದಲು ಅನುಮಾನ ಬಿದ್ದುದು ಶತ್ರುಗಳ ಗೂಢಚಾರರ ಮೇಲೆ. ಅದು ಶತ್ರುವಿನ ಕೃತ್ಯವಲ್ಲವೆಂದು ವಿಚಾರಣೆಯಿಂದ ತೋರಿಬಂದಿತು. ಬಳಿಕ ಅನುಮಾನ ಬೀಡಿ ಸಿಗರೇಟಿನ ಕಿಡಿಯತ್ತ ತಿರುಗಿತು. ಇರಬಹುದು, ಹತ್ತಿಗೆ ಒಂದು ಕಿಡಿ ಸಾಕು. ಆದರೆ ಇಲ್ಲಿ ವಿವೇಚನೆ ಅಗತ್ಯ. ಯಾವುದೇ ದುರಂತದ ಕೊನೆಯಲ್ಲಿ ಅತ್ಯಂತ ಚಿಕ್ಕ ಕೈಯನ್ನು ಹುಡುಕಿ ಅದರ ಮೇಲೆ ಇಡೀ ಹೊಣೆಯನ್ನು ಹೊರಿಸುವುದು ಲೋಕದ ರೂಢಿ. ಹಮಾಲನ ಕೈಯ ಬೀಡಿ ಹಡಗನ್ನು ಸುಟ್ಟಿತೆಂದರೆ ಉಳಿದವರೆಲ್ಲ ನೆಮ್ಮದಿಯಿಂದ ನಿದ್ರಿಸಬಹುದು. ಹತ್ತಿಯನ್ನೂ ಸಿಡಿಮದ್ದನ್ನೂ ಒಂದೇ ಕೋಣೆಯಲ್ಲಿ ಇಟ್ಟವನು ಆ ಹಮಾಲನಲ್ಲ. ಹಡಗನ್ನು ಊರಿನೊಳಕ್ಕೆ ಬರಗೊಟ್ಟವನು ಅವನಲ್ಲ. ದೋಣಿಗಳನ್ನು ತಡಮಾಡಿದವನೂ ಬಾವುಟವನ್ನು ಏರಿಸದವನೂ ಅವನಲ್ಲ. ಅಲ್ಲದೆ, ತಾನು ಹೊರುತ್ತಿರುವ ಗೊಬ್ಬರದ ಚೀಲದ ಆಚೆಗೆ ಏನಿದೆಯೆಂದು ಅವನಿಗೆ ಯಾರು ಹೇಳಿದ್ದರು? ಸಿಡಿಮದ್ದಿನ ಮೇಲೆ ನಿಂತಿರುವೆನೆಂದು ತಿಳಿದ ಮನುಷ್ಯನು ಬೀಡಿಯನ್ನು ಹಚ್ಚುವನೆ? ತಿಳಿಯದವನಿಂದ ಎಚ್ಚರವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಈ ಹಡಗಿನ ಚರಿತ್ರೆ ಕಲಿಸುವ ಮುಖ್ಯ ಪಾಠವೆಂದರೆ ಇದೇ. ಅಪಾಯವಿರುವುದು ವಸ್ತುವಿನಲ್ಲಿ ಮಾತ್ರವಲ್ಲ. ಆ ವಸ್ತುವನ್ನು ಕುರಿತ ಮೌನದಲ್ಲಿಯೂ ಇದೆ. ಸಿಡಿಮದ್ದು ಇಲ್ಲದೆ ಯುದ್ಧ ಸಾಗದು. ಎಣ್ಣೆ, ಅನಿಲ, ಆಮ್ಲ, ರಾಸಾಯನಿಕಗಳಿಲ್ಲದೆ ಇಂದಿನ ಉದ್ಯಮ ಸಾಗದು. ಅವುಗಳನ್ನು ಲೋಕದಿಂದ ತೊಲಗಿಸಬೇಕೆಂದು ಯಾರೂ ಹೇಳಲಾರರು. ಆದರೆ ಅವುಗಳನ್ನು ಇಟ್ಟುಕೊಂಡವನು, ಇಂಥದು ಇಲ್ಲಿದೆ, ಇಷ್ಟಿದೆ, ಇದರ ಸ್ವಭಾವ ಹೀಗಿದೆ ಎಂದು ತನ್ನ ಸುತ್ತ ದುಡಿಯುವವರಿಗೂ ನೆರೆಹೊರೆಯವರಿಗೂ ಬೆಂಕಿಯನ್ನು ಆರಿಸಲು ಬರುವವರಿಗೂ ತಿಳಿಸಬೇಕು. ಕೆಂಪು ಬಾವುಟವೆಂದರೆ ಒಂದು ತುಂಡು ಬಟ್ಟೆಯಷ್ಟೇ ಅಲ್ಲ. ಅದು ಬಲ್ಲವನು ಅರಿಯದವನಿಗೆ ಹೇಳಲೇಬೇಕಾದ ಸತ್ಯ.

ಇದಕ್ಕೆ ಪ್ರತಿಯಾಗಿ ಒಂದು ವಾದವನ್ನು ಹೂಡಬಹುದು. ಯುದ್ಧಕಾಲದಲ್ಲಿ ಬಾವುಟವನ್ನು ಹಾರಿಸಿ ನಿಂತರೆ ಶತ್ರುವಿಗೆ ಗುರಿ ತೋರಿಸಿದಂತಾಗುವುದಿಲ್ಲವೆ? ಗುಟ್ಟು ಯುದ್ಧಧರ್ಮದ ಒಂದು ಭಾಗವಲ್ಲವೆ? ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಗುಟ್ಟನ್ನು ಕಾಯಬೇಕಾದವನು ಅದರ ಹೊಣೆಯನ್ನೂ ಹೊರಬೇಕು. ಬಾವುಟವನ್ನು ಹಾರಿಸಲಾಗದಿದ್ದರೆ ಹಡಗನ್ನು ದೂರ ನಿಲ್ಲಿಸಬೇಕಾಗಿತ್ತು. ದೂರ ನಿಲ್ಲಿಸಲಾಗದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನೇ ಬರಿದುಮಾಡಬೇಕಾಗಿತ್ತು. ಅದೂ ಆಗದಿದ್ದರೆ ಕಾವಲಿಗೆ ಅಗ್ನಿಶಾಮಕ ದಳವನ್ನು ಮೊದಲೇ ಕರೆತಂದು ನಿಲ್ಲಿಸಬೇಕಾಗಿತ್ತು. ಒಂದು ನಿಯಮವನ್ನು ಬಿಟ್ಟಾಗ ಅದರ ಸ್ಥಾನದಲ್ಲಿ ಮತ್ತೊಂದು ಎಚ್ಚರಿಕೆಯನ್ನು ಇರಿಸದೆ ಹೋದುದೇ ತಪ್ಪು. ಅವಸರವು ನಿಯಮವನ್ನು ಮುರಿಯುವಾಗ, ಈ ಒಂದು ಸಲ ಮಾತ್ರ, ಎಂದು ಹೇಳಿಕೊಳ್ಳುತ್ತದೆ. ಕರಾಚಿಯಲ್ಲಿ ಒಂದು ಸಲ, ಮುಂಬಯಿಯ ಬಾಗಿಲಲ್ಲಿ ಒಂದು ಸಲ, ದೋಣಿಗಳ ವಿಷಯದಲ್ಲಿ ಒಂದು ಸಲ. ಇಂಥ ‘ಒಂದು ಸಲ’ಗಳೆಲ್ಲ ಒಂದೇ ಹಡಗಿನಲ್ಲಿ ಕೂಡಿದಾಗ ದುರಂತ ಸಂಭವಿಸಿತು.

ಮುಂಬಯಿಯದು ಪ್ರಪಂಚದಲ್ಲಿ ಇಂಥ ಮೊದಲ ಘಟನೆಯಲ್ಲ, ಕೊನೆಯದೂ ಆಗಲಿಲ್ಲ. ಫೋರ್ಟ್ ಸ್ಟಿಕೀನನ್ನು ಕಟ್ಟಿದ ಕೆನಡಾ ದೇಶದಲ್ಲಿಯೇ, ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ, 1917ರ ಡಿಸೆಂಬರ್ 6ರಂದು ‘ಮಾಂಟ್ ಬ್ಲಾಂಕ್’ ಎಂಬ ಮದ್ದುಗುಂಡಿನ ಹಡಗು ಸಿಡಿದು ಸಾವಿರದ ಏಳುನೂರಕ್ಕೂ ಹೆಚ್ಚು ಜನರು ಸತ್ತಿದ್ದರು. ಆ ಹಡಗೂ ತನ್ನ ಅಪಾಯವನ್ನು ಸಾರುವ ಬಾವುಟವನ್ನು ಹಾರಿಸಿರಲಿಲ್ಲ. ಅದು ಉರಿಯುವುದನ್ನು ನೋಡಲು ಜನರು ಕಿಟಕಿಗಳ ಬಳಿ ನೆರೆದಿದ್ದರು. 1947ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿ ಬಂದರಿನಲ್ಲಿ, ಯುದ್ಧಕಾಲದಲ್ಲಿ ಕಟ್ಟಿದ ಮತ್ತೊಂದು ಸರಕಿನ ಹಡಗು, ಗೊಬ್ಬರವೆಂದು ತುಂಬಿದ್ದ ಅಮೋನಿಯಂ ನೈಟ್ರೇಟ್ ಹೊತ್ತಿಕೊಂಡು ಸಿಡಿಯಿತು. 2020ರ ಆಗಸ್ಟ್ 4ರಂದು ಲೆಬನಾನಿನ ಬೇರೂತ್ ಬಂದರಿನ ಉಗ್ರಾಣದಲ್ಲಿ ವರ್ಷಗಳಿಂದ ಬಿದ್ದಿದ್ದ ಅದೇ ರಾಸಾಯನಿಕ ಸಿಡಿದು ಇನ್ನೂರಕ್ಕೂ ಹೆಚ್ಚು ಜನರು ಬಲಿಯಾದರು. ಬೆಂಕಿಯ ಕರೆ ಬಂದಾಗ ಮೊದಲು ಓಡಿಹೋದ ಅಗ್ನಿಶಾಮಕ ತಂಡದ ಹತ್ತು ಮಂದಿಗೆ ಉಗ್ರಾಣದಲ್ಲಿ ಏನಿದೆಯೆಂದು ಯಾರೂ ಹೇಳಿರಲಿಲ್ಲ. ಅವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಮುಂಬಯಿಯ ದುರಂತಕ್ಕೂ ಬೇರೂತಿನ ದುರಂತಕ್ಕೂ ನಡುವೆ ಎಪ್ಪತ್ತಾರು ವರ್ಷಗಳು. ಬೇರೂತಿನಲ್ಲಿ ಯುದ್ಧದ ಗುಟ್ಟೆಂಬ ನೆಪವೂ ಇರಲಿಲ್ಲ. ಮೌನ ಮಾತ್ರ ಅದೇ ಆಗಿತ್ತು.

ಈ ಮಾತುಗಳು ದೂರದ ಬಂದರುಗಳಿಗಷ್ಟೇ ಅನ್ವಯಿಸುವುದಿಲ್ಲ. ಮಾದನಾಯಕನಹಳ್ಳಿಯ ಸುತ್ತಲಿನಂಥ ಕೈಗಾರಿಕಾ ನೆಲೆಗಳಲ್ಲಿ ಉಗ್ರಾಣವೇ ಹಡಗು. ತಗಡಿನ ಮಾಡು, ಎತ್ತರದ ಗೋಡೆ, ಮುಚ್ಚಿದ ಬಾಗಿಲು. ಒಳಗೆ ಏನಿದೆಯೆಂದು ಹೊರಗಿನವರಿಗೆ ಕಾಣುವುದಿಲ್ಲ. ಬಣ್ಣ, ತಿನ್ನರ್, ಎಣ್ಣೆ, ಪ್ಲಾಸ್ಟಿಕ್, ಹತ್ತಿಯ ಚಿಂದಿ, ಅಡುಗೆ ಅನಿಲದ ಸಿಲಿಂಡರು, ರಟ್ಟಿನ ಪೆಟ್ಟಿಗೆ ಇವುಗಳಲ್ಲಿ ಒಂದೊಂದೂ ತನ್ನ ಸ್ಥಳದಲ್ಲಿ ಸಾಧುವಾದ ವಸ್ತುವೇ. ಆದರೆ ಯಾವುದರ ಮಗ್ಗುಲಲ್ಲಿ ಯಾವುದನ್ನು ಇರಿಸಿದೆ ಎಂಬುದೇ ಮುಖ್ಯವಾದ ಪ್ರಶ್ನೆ. ಫೋರ್ಟ್ ಸ್ಟಿಕೀನಿನಲ್ಲಿ ಹತ್ತಿಯೊಂದೇ ಇದ್ದಿದ್ದರೆ ಅದೊಂದು ಸಾಮಾನ್ಯ ಬೆಂಕಿಯಾಗುತ್ತಿತ್ತು. ಎರಡೂ ಕೂಡಿದ್ದರಿಂದ ಒಂದು ನಗರದ ಬಂದರು ಹಾಳಾಯಿತು. ಇಲ್ಲಿಯೂ ಉಗ್ರಾಣದ ಬಾಗಿಲಲ್ಲಿ ಮಲಗುವ ಕಾವಲುಗಾರನಿಗೆ, ಲಾರಿಯಿಂದ ಪೀಪಾಯಿ ಇಳಿಸುವ ಕೂಲಿಗೆ, ಪಕ್ಕದ ವಠಾರದಲ್ಲಿ ಅಡುಗೆ ಮಾಡುವ ಗೃಹಿಣಿಗೆ, ಒಳಗೆ ಇರುವುದೇನೆಂದು ತಿಳಿಯುವ ಹಕ್ಕುಂಟು. ಬೇರೆ ಬೇರೆ ನಾಡುಗಳಿಂದ ದುಡಿಯಲು ಬಂದವರು ಇಂಥ ಊರುಗಳಲ್ಲಿ ಬಹಳ ಜನ. ಆದುದರಿಂದ ಎಚ್ಚರಿಕೆಯ ಫಲಕವನ್ನು ಅವರು ಓದಬಲ್ಲ ನುಡಿಯಲ್ಲಿ ಬರೆಯಬೇಕು. ಓದು ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಯಾರಿಗೂ ತಿಳಿಯದ ಭಾಷೆಯಲ್ಲಿ ಬರೆದ ಎಚ್ಚರಿಕೆ, ಏರಿಸದ ಬಾವುಟಕ್ಕೆ ಸಮಾನ.

ನಿಯಮಗಳಿಗೆ ಕೊರತೆಯಿಲ್ಲ. ಸ್ವತಂತ್ರ ಭಾರತವು 1948ರಲ್ಲಿಯೇ ಕಾರ್ಖಾನೆಗಳ ಕಾಯಿದೆಯನ್ನು ರಚಿಸಿ, ಬೆಂಕಿಯಿಂದ ತಪ್ಪಿಸಿಕೊಳ್ಳುವ ಮಾರ್ಗವಿರಬೇಕು, ಆ ಮಾರ್ಗವನ್ನು ಕಾರ್ಮಿಕರು ಅರಿತಿರಬೇಕು ಎಂದು ವಿಧಿಸಿತು. ಆದರೆ ಸಣ್ಣ ಉದ್ಯಮಿಗಳ ಅಳಲನ್ನೂ ಕೇಳಬೇಕು. ಹೆಚ್ಚು ಜಾಗ ಬಿಟ್ಟರೆ ಬಾಡಿಗೆ ಹೆಚ್ಚು. ಸರಕನ್ನು ಬೇರೆ ಬೇರೆಯಾಗಿ ಇರಿಸಿದರೆ ಖರ್ಚು ಹೆಚ್ಚು. ಗಿರಾಕಿಗೆ ನಾಳೆಯೇ ಸರಕು ತಲುಪಬೇಕು. ಇವು ಸುಳ್ಳು ಕಷ್ಟಗಳಲ್ಲ. ಆದರೂ ಇಲ್ಲಿ ಒಂದು ಲೆಕ್ಕವನ್ನು ಮರೆಯುವಂತಿಲ್ಲ. ಕರಾಚಿಯಲ್ಲಿ ಉಳಿಸಿದ ಜಾಗದ ಬೆಲೆ ಎಷ್ಟು, ಮುಂಬಯಿಯಲ್ಲಿ ಕಳೆದುಕೊಂಡ ಹಡಗುಗಳ ಬೆಲೆ ಎಷ್ಟು? ಯುದ್ಧಕ್ಕೆ ಬೇಗ ನೆರವಾಗಬೇಕೆಂದು ತೋರಿದ ಅವಸರವೇ ದೊಡ್ಡದೊಂದು ಬಂದರನ್ನು ತಿಂಗಳುಗಟ್ಟಲೆ ನಿಲ್ಲಿಸಿತು. ಇನ್ನು ಹಲವು ಎಚ್ಚರಿಕೆಗಳಿಗೆ ಹಣವೇ ಬೇಡ. ಒಳಗಿರುವ ಸರಕಿನ ಪಟ್ಟಿಯನ್ನು ಬಾಗಿಲಲ್ಲಿ ತೂಗುಹಾಕಲು ಒಂದು ಹಾಳೆ ಸಾಕು. ಹೊರಹೋಗುವ ದಾರಿಗೆ ಅಡ್ಡವಾಗಿ ಪೆಟ್ಟಿಗೆಗಳನ್ನು ಒಟ್ಟದಿರಲು ಯಾವ ಖರ್ಚೂ ಇಲ್ಲ. ಬೆಂಕಿ ಬಿದ್ದಾಗ ಆಜ್ಞೆ ಕೊಡುವವನು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಬೇಕಾದುದು ಹಣವಲ್ಲ, ಮನಸ್ಸು.

ಎಲ್ಲಕ್ಕಿಂತ ಹೆಚ್ಚಾಗಿ ಅಗ್ನಿಶಾಮಕ ದಳದವರ ವಿಷಯವನ್ನು ಯೋಚಿಸಬೇಕು. ಬೆಂಕಿ ಕಂಡಾಗ ಎಲ್ಲರೂ ಹೊರಗೆ ಓಡುತ್ತಾರೆ. ಒಳಗೆ ಓಡುವವರು ಅವರು ಮಾತ್ರ. ಸಮಾಜವು ಈ ಧೈರ್ಯವನ್ನು ಕೊಂಡಾಡುತ್ತದೆ, ಅದು ಯೋಗ್ಯವೇ. ಆದರೆ ಧೈರ್ಯವನ್ನು ಹೊಗಳುವುದರಿಂದಲೇ ಕರ್ತವ್ಯ ಮುಗಿಯುವುದಿಲ್ಲ. ಒಳಗೆ ಏನಿದೆಯೆಂದು ತಿಳಿಸದೆ ಒಬ್ಬನನ್ನು ಉರಿಯುವ ಕಟ್ಟಡದೊಳಕ್ಕೆ ಕಳುಹಿಸಿ, ಸತ್ತ ಮೇಲೆ ಅವನಿಗೆ ಹಾರ ಹಾಕುವುದು ಕೃತಜ್ಞತೆಯಲ್ಲ. ಮುಂಬಯಿಯ 66 ಮಂದಿ ಹಿಂಜರಿಯದೆ ಕೊನೆಯ ಗಳಿಗೆಯವರೆಗೆ ಕೊಳವೆಗಳನ್ನು ಹಿಡಿದು ನಿಂತಿದ್ದರು. ಬೈಕಲಾದಲ್ಲಿರುವ ಅಗ್ನಿಶಾಮಕ ದಳದ ಕೇಂದ್ರದಲ್ಲಿ ಅವರ ಸ್ಮಾರಕವಿದೆ. ಅವರ ನೆನಪಿಗೆ ಸಲ್ಲಬೇಕಾದ ನಿಜವಾದ ಗೌರವವೆಂದರೆ, ಅವರ ನಂತರ ಬರುವವರು ಅರಿಯದೆ ಸಾಯದಂತೆ ನೋಡಿಕೊಳ್ಳುವುದು.

ಏಪ್ರಿಲ್ 14 ಎಂದರೆ ವಿದ್ಯಾರ್ಥಿಗಳಿಗೆ ಡಾ. ಬಿ. ಆರ್. ಅಂಬೇಡ್ಕರ್ ಅವರ ಜನ್ಮದಿನವೆಂದು ಗೊತ್ತು. 1944ರಲ್ಲಿ ಅವರು ವೈಸರಾಯರ ಕಾರ್ಯಾಂಗ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರೆಂಬುದು ಹಲವರಿಗೆ ತಿಳಿಯದ ಸಂಗತಿ. ದುಡಿಯುವವನ ಜೀವ ಸರಕಿಗಿಂತ ಅಗ್ಗವಲ್ಲವೆಂಬ ವಿಚಾರಕ್ಕಾಗಿ ಹೋರಾಡಿದ ಒಬ್ಬರ ಹುಟ್ಟುಹಬ್ಬದಂದೇ ಆ ವಿಚಾರವನ್ನು ಮರೆತುದರ ಬೆಲೆಯನ್ನು ಒಂದು ನಗರ ತೆತ್ತಿತು. ಒಂದೇ ದಿನದ ಈ ಎರಡು ನೆನಪುಗಳನ್ನೂ ಒಟ್ಟಿಗೆ ಇರಿಸಿಕೊಳ್ಳುವುದು ಉಚಿತ.

ಇಂದು ಶಾಲೆಯಲ್ಲಿರುವ ಮಕ್ಕಳು ನಾಳೆ ಕಾರ್ಖಾನೆಗಳ ಕಾರ್ಮಿಕರು, ಎಂಜಿನಿಯರುಗಳು, ಲಾರಿಯ ಚಾಲಕರು, ಉಗ್ರಾಣಗಳ ಒಡೆಯರು, ಅಧಿಕಾರಿಗಳು. ಅವರಲ್ಲಿ ಕೆಲವರ ಮುಂದೆ, ನಿಯಮವನ್ನು ಇದೊಂದು ಸಲ ಬಿಟ್ಟುಬಿಡೋಣ ಎಂಬ ಮಾತು ಎಂದಾದರೂ ಬಂದೇ ಬರುತ್ತದೆ. ಆಗ ಕಪ್ತಾನ ನೇಸ್ಮಿತನಂತೆ ಆಕ್ಷೇಪಿಸಿ ಸುಮ್ಮನಾಗುವುದು ಸಾಲದು. ಇಲ್ಲಿ ಇಂಥ ಅಪಾಯವಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳುವ ಎದೆಗಾರಿಕೆ ಬೇಕು. ಏಪ್ರಿಲ್ ತಿಂಗಳಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ಚಿಕ್ಕ ಧ್ವಜಕ್ಕೆ ಅರ್ಥ ಬರುವುದು, ಅದನ್ನು ಧರಿಸಿದವರು ವರ್ಷದ ಉಳಿದ ದಿನಗಳಲ್ಲಿ ತಮ್ಮ ಕಾರ್ಖಾನೆಯ, ತಮ್ಮ ಉಗ್ರಾಣದ, ತಮ್ಮ ಬೀದಿಯ ಅಪಾಯವನ್ನು ಮುಚ್ಚಿಡದೆ ಹೇಳಿದಾಗ.